ಹುಲಿಗೆಮ್ಮನ ಟೇಪು

ಕೊಪ್ಪಳ
ಹದಿಮೂರನೇ ತಿಂಗಳ ಮೂವತ್ನಾಲ್ಕು, 2197

ಸಿಸ್ಟರ್ ಹುಲಿಗೆಮ್ಮನವರಿಗೆ,

ಇಂಥ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ, ನನ್ನ ಕೆಲವು ಪದಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ಇನ್ನೊಂದನ್ನೂ ಕ್ಷಮಿಸಬೇಕು. ನಿಮ್ಮನ್ನು ನೆನೆದರೆ ನನಗೆ ಹೊಟ್ಟೆಕಿಚ್ಚು.

ನಾನೂ ನಿಮ್ಮಂತೆ ನರ್ಸು, ಹೆಸರು ತಾರಿಣಿ. 2021ರ ಕೊರೊನಾ ವಾರ್ಡಿನಲ್ಲಿ ನೀವು ಬರೆದ ನೋಟುಬುಕ್ಕು, ದರ್ಜಿ ಗಂಡನ ಅಂಗಡಿಯಿಂದ ಎತ್ತಿಕೊಂಡು ಬಂದ ಟೇಪು, ಎರಡೂ ನಮ್ಮ ಆಸ್ಪತ್ರೆಯ ಕಪಾಟಿನಲ್ಲಿದ್ದವು. ಕೆಲಸಕ್ಕೆ ಸೇರಿದ ವಾರವೇ ನೋಟುಬುಕ್ಕು ಓದಿದ್ದೆ. ಹದಿನಾಲ್ಕನೇ ಮಂಚದ ದ್ಯಾಮಣ್ಣ ಬಲಗಾಲು ಬಿಗಿಯುತ್ತದೆ ಎಂದ. ನೀವು ಮೊಣಕಾಲಿನ ಕೆಳಗೆ ಅರ್ಧ ಗೇಣು ಬಿಟ್ಟು ಎರಡೂ ಮೀನಖಂಡ ಅಳೆದಿರಿ. ಎಡಕ್ಕೆ ಮೂವತ್ನಾಲ್ಕು ಸೆಂಟಿಮೀಟರ್, ಬಲಕ್ಕೆ ಮೂವತ್ತೆಂಟು. ಡಾಕ್ಟರರ ಬೆನ್ನುಬಿದ್ದು ಅದೇ ಮಧ್ಯಾಹ್ನ ಸ್ಕ್ಯಾನ್ ಮಾಡಿಸಿದಿರಿ. ರಕ್ತ ಹೆಪ್ಪುಗಟ್ಟಿತ್ತು. ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಮದ್ದು ಹೆಚ್ಚಿಸಿದರು. ಒಂಬತ್ತನೇ ದಿನ ದ್ಯಾಮಣ್ಣ ಮನೆಗೆ ನಡೆದುಹೋದ. ಬಟ್ಟೆ ಹೊಲಿಯುವ ಟೇಪಿನಲ್ಲಿ ಚಿಕಿತ್ಸೆಯೇ ಎಂದು ನಾನು ನಕ್ಕು ಪುಟ ತಿರುಗಿಸಿದ್ದೆ.

ನಮಗೆ ಹರಿವುಗುಂಡು ಇದೆ. ತೋಳಿನ ಚರ್ಮದಡಿ ಕೂರಿಸುವ ಕಡಲೆಗಾತ್ರದ ಗುಂಡು. ವೈರಸ್ ಜ್ವರದಲ್ಲಿ ರಕ್ತ ಗಟ್ಟಿಯಾಗತೊಡಗಿದರೆ ಔಷಧ ಬಿಡುತ್ತದೆ, ರಕ್ತಸ್ರಾವದ ಭಯವಿದ್ದರೆ ತಡೆಹಿಡಿಯುತ್ತದೆ, ಎಲ್ಲ ಸರಿಯಿದ್ದರೆ ಹಸಿರು ಬೆಳಗುತ್ತದೆ. ಆದ್ದರಿಂದ ಹೇಗಿದ್ದೀರಿ ಎಂದು ನಾವು ಯಾರನ್ನೂ ಕೇಳುವುದಿಲ್ಲ. ನಾನೂರು ಜನರ ಹಸಿರನ್ನು ನಾನೊಬ್ಬಳೇ ಕುರ್ಚಿಯಲ್ಲಿ ಕೂತು ನೋಡುತ್ತೇನೆ. ಮಧ್ಯಾಹ್ನ ಮಂಡಕ್ಕಿ ತಿನ್ನಲೂ ಪುರುಸೊತ್ತು ಸಿಗುತ್ತದೆ.

ಕಳೆದ ತಿಂಗಳು ನನ್ನ ಅವ್ವ ಶಿವಗಂಗವ್ವ ಇಂಥದೇ ಜ್ವರದಿಂದ ನನ್ನ ವಾರ್ಡಿಗೇ ಬಂದಳು. ಎರಡನೇ ದಿನ, "ಯಾಕೋ ಎಡಗಾಲು ಬಿಗದಂಗ ಆಗೈತಿ ನೋಡವಾ" ಎಂದಳು. ನಾನು ಹೊದಿಕೆ ಸರಿಸಲೂ ಇಲ್ಲ. "ಗುಂಡು ಹಸರೈತಿ, ಸುಮ್ಮನ ಮಕ್ಕೊ ಯವ್ವಾ" ಎಂದೆ. ಅವ್ವ ಹೊದಿಕೆಯನ್ನು ಕಾಲಿನ ಮೇಲೆ ಎಳೆದುಕೊಂಡಳು. ನಾಲ್ಕನೇ ದಿನ ಬೆಳಿಗ್ಗೆ ಹೆಪ್ಪು ಕಾಲಿನಿಂದ ಶ್ವಾಸಕೋಶಕ್ಕೆ ಹೋಯಿತು. ತೋಳಿನ ರಕ್ತ ಅಳೆಯುವ ಗುಂಡಿಗೆ ಕಾಲಿನ ಸುದ್ದಿ ತಿಳಿದಿರಲಿಲ್ಲ. ಅವ್ವ ಹೋದ ಮೇಲೂ ಸ್ವಲ್ಪ ಹೊತ್ತು ಅದು ಹಸಿರಾಗಿಯೇ ಇತ್ತು.

ನಂಬಲು ನಿಮಗೆ ಹಸಿರು ದೀಪವಿರಲಿಲ್ಲ, ರೋಗಿಯ ಮಾತನ್ನೇ ನಂಬಬೇಕಿತ್ತು. ಎಂಥ ಪುಣ್ಯವಂತರು ನೀವು! ಮನೆಗೆ ನಡೆದುಹೋದ ಆ ದ್ಯಾಮಣ್ಣನನ್ನು ನೆನೆದರೂ ನನಗೆ ಸಂಕಟ. ಈಗ ಕಪಾಟಿನಿಂದ ತೆಗೆದ ನಿಮ್ಮ ಟೇಪು ಕೊರಳಿಗೆ ಹಾಕಿಕೊಂಡು ಮಂಚದಿಂದ ಮಂಚಕ್ಕೆ ಹೋಗುತ್ತೇನೆ, ಜೊತೆಯವರು ನಗುತ್ತಾರೆ.

ಒಂದು ಬೇಡಿಕೆ. ಈ ಕಾಗದ ಹೇಗಾದರೂ ನಿಮ್ಮ ಕಾಲಕ್ಕೆ ತಲುಪಿ, ಆಗ ನೋಟುಬುಕ್ಕು ಇನ್ನೂ ನಿಮ್ಮ ಕೈಯಲ್ಲಿದ್ದರೆ, ಹದಿನಾಲ್ಕನೇ ಮಂಚದ ಪುಟವನ್ನು ಕೆಂಪು ಶಾಯಿಯಲ್ಲಿ, ದೊಡ್ಡ ಅಕ್ಷರಗಳಲ್ಲಿ ಮತ್ತೆ ಬರೆಯಿರಿ. ಪುಟ ತಿರುಗಿಸುವವಳ ಕೈ ಅಲ್ಲೇ ನಿಲ್ಲುವಷ್ಟು ದೊಡ್ಡದಾಗಿ. ಅವ್ವ ಬರುವುದಕ್ಕೆ ಮೊದಲು ನಾನದನ್ನು ನಗದೆ ಓದಬೇಕು.

ತಾರಿಣಿ