ಏಳನೇ ಬಾವಿಯ ಮೊದಲ ಗಂಟೆ

ಟ್ರೈನಿಂಗ್ ಹಾಸ್ಟೆಲ್, ಕೋಣೆ ೧೪
ಮಾರ್ಚ್ ೮, ಶನಿವಾರ

ಪ್ರೀತಿಯ ಅಪ್ಪಾ,

ಮಂಡಿನೋವು ಹೇಗಿದೆ? ಡೇರಿಯ ಮೆಟ್ಟಿಲು ಹತ್ತುವುದನ್ನು ಬಿಟ್ಟಿರಾ, ಇಲ್ಲ ಡಾಕ್ಟರ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿರಾ? ನಾನು ಆರಾಮ. ಮೆಸ್ ಊಟಕ್ಕೆ ಆರನೇ ಕ್ಲಾಸಿನಿಂದಲೇ ನಾಲಿಗೆ ಪಳಗಿದೆಯಲ್ಲ.

ಎಣ್ಣೆಬಾವಿಯ ಹರಿವನ್ನು ಹೇಗೆ ಅಳೆಯುತ್ತಾರೆ ಎಂದು ಫೋನಿನಲ್ಲಿ ಕೇಳಿದ್ದಿರಿ. ಬಾವಿಯಿಂದ ಬರೀ ಎಣ್ಣೆ ಬರುವುದಿಲ್ಲ. ಎಣ್ಣೆ, ನೀರು, ಗ್ಯಾಸ್ ಮೂರೂ ಕಲಸಿಕೊಂಡೇ ಬರುತ್ತವೆ. ಅದನ್ನು ಸೆಪರೇಟರ್ ಎಂಬ ಉದ್ದನೆಯ ಉಕ್ಕಿನ ಟ್ಯಾಂಕಿಗೆ ಬಿಡುತ್ತಾರೆ. ಗ್ಯಾಸ್ ಮೇಲೇರುತ್ತದೆ, ನೀರು ತಳ ಸೇರುತ್ತದೆ, ಎಣ್ಣೆ ನಡುವೆ ನಿಲ್ಲುತ್ತದೆ. ಒಂದೊಂದಕ್ಕೂ ಬೇರೆ ಪೈಪು, ಬೇರೆ ಮೀಟರು. ಅರ್ಧ ಗಂಟೆಗೊಮ್ಮೆ ರೀಡಿಂಗ್ ಬರೆದು, ದಿನಕ್ಕೆ ಎಷ್ಟಾಗುತ್ತದೆ ಎಂದು ತೆಗೆಯುವುದು. ಆದರೆ ಮುಚ್ಚಿಟ್ಟ ಬಾವಿಯನ್ನು ತೆರೆದ ಕೂಡಲೇ ಬರೆಯಬಾರದು. ಒಳಗೆ ಕೂಡಿಕೊಂಡ ಒತ್ತಡಕ್ಕೆ ಮೊದಮೊದಲು ನುಗ್ಗಿ ಬರುತ್ತದೆ. ಹರಿವು ಒಂದೇ ಸಮ ಆಗುವತನಕ ಕಾಯಬೇಕು. ಇಲ್ಲಿನ ಹಿರಿಯ ಆಪರೇಟರನ್ನು ಎಲ್ಲರೂ ಮೀಟರ್ ಮಾವ ಎನ್ನುತ್ತಾರೆ. ನೀವು ಹಾಲಿಗೆ ಹೇಳುವುದನ್ನೇ ಅವರು ಎಣ್ಣೆಗೆ ಹೇಳಿದರು: “ನೊರೆ ಇಳೀಲಿ ತಡಿ, ಆಮೇಲೆ ಅಳತೆ.”

ಗುರುವಾರ ಏಳನೇ ಬಾವಿಯ ಟೆಸ್ಟನ್ನು ನನಗೊಬ್ಬನಿಗೇ ಬಿಟ್ಟಿದ್ದರು. ಎರಡು ದಿನ ಮುಚ್ಚಿದ್ದ ಬಾವಿ. ಸುಮ್ಮನೆ ಕೂತರೆ ಕೆಲಸ ಬರಲ್ಲ ಅಂದುಕೊಳ್ಳುತ್ತಾರೇನೋ ಎಂಬ ಟೆನ್ಷನ್ನಿನಲ್ಲಿ ಮೊದಲ ಗಂಟೆಯ ರೀಡಿಂಗನ್ನೂ ಸೇರಿಸಿಬಿಟ್ಟೆ, ದಿನದ ಲೆಕ್ಕ ಇರುವುದಕ್ಕಿಂತ ಜಾಸ್ತಿ ಬಂತು. ಮಾವ ನನ್ನನ್ನು ನಂಬಿ ಶೀಟಿಗೆ ಸಹಿ ಹಾಕಿದರು. ಇಂಜಿನಿಯರ್ ಮೇಡಂ ನೋಡಿ, “ಈ ಮುದುಕ ಬಾವಿಗೆ ಪ್ರಾಯ ಬಂತಲ್ರೀ, ಇನ್ನು ಪಂಪ್ ಯಾಕೆ?” ಎಂದು ನಕ್ಕರು. ಬಾವಿಯ ಸ್ವಂತ ಒತ್ತಡ ಕುಗ್ಗುತ್ತಿದೆ, ಪಂಪ್ ಕೂರಿಸದಿದ್ದರೆ ನಿಂತೇ ಹೋಗುತ್ತದೆ ಎಂದು ಮಾವ ಒಂದು ವರ್ಷದಿಂದ ಹೇಳುತ್ತಿದ್ದರಂತೆ. ಮಾವ ಶೀಟನ್ನು ಇನ್ನೊಮ್ಮೆ ನೋಡಿದರು, ನನ್ನ ಮುಖ ನೋಡಿದರು, ಟೀ ಕುಡಿಯಲು ಹೋದರು. ಅಂದಿನಿಂದ ಏನೂ ಕೇಳಿಲ್ಲ. ನಾನೂ ಹೇಳಿಲ್ಲ.

ಅಮ್ಮನಿಗೆ ನಮಸ್ಕಾರ. ತಂಗಿ ನನ್ನ ಸೈಕಲ್ ಓಡಿಸಲಿ, ಬ್ರೇಕ್ ಮಾತ್ರ ನೋಡಿಕೊಳ್ಳಲಿ.

ನಿಮ್ಮ ಮಗ

ವಿ.ಸೂ.: ಇಷ್ಟು ಬರೆದಿಟ್ಟು ಆಫೀಸಿಗೆ ಹೋಗಿ ಬಂದೆ. ಮೇಡಂಗೆ ಹೇಳಿದೆ. ಬೈಯಲಿಲ್ಲ, ಬರೆದುಕೊಡು ಅಂದರು. ಸಹಿ ಇರುವುದರಿಂದ ಮಾವನಿಗೂ ವಿವರಣೆ ಕೇಳುತ್ತಾರಂತೆ. ಅವರಿಗೆ ರಿಟೈರ್ ಆಗಲು ಮೂರೇ ತಿಂಗಳು. ತಪ್ಪು ನನ್ನೊಬ್ಬನದೇ ಎಂದು ಬರೆದುಕೊಟ್ಟೆ. ಟ್ರೈನಿಂಗ್ ರದ್ದಾಗಬಹುದು, ಅಮ್ಮನಿಗೆ ನೀವೇ ನಿಧಾನವಾಗಿ ಹೇಳಿ. ಸೋಮವಾರ ಮರುಟೆಸ್ಟ್. ಮಾವ ಗೇಟಿನ ಹತ್ತಿರ ಸಿಕ್ಕಿ, “ಬೆಳಿಗ್ಗೆ ಆರಕ್ಕೆ ಬಾ, ಜೊತೆಗೇ ಕಾಯೋಣ” ಎಂದಷ್ಟೇ ಹೇಳಿದರು.