ಲಾಳಿ ಯಾರ ಕೈಯಲ್ಲಿದೆ

೧೨ ಆಗಸ್ಟ್ ೨೦೨೫, ಮಂಗಳವಾರ

ಆ ನವಿಲು ಅಳಿಸಿಹೋದದ್ದೇ ಮನಸ್ಸಿನಲ್ಲಿದೆ. ಮೊಳಕಾಲ್ಮೂರಿನ ನೇಕಾರರ ಸಂಘಕ್ಕೆ ನಾವು ಮಾಡುತ್ತಿರುವ ಆನ್‌ಲೈನ್ ತಾಣದಲ್ಲಿ ಸೀರೆಯ ವಿನ್ಯಾಸ, ಮಾತುಕತೆ, ಕೆಲಸದ ಪಟ್ಟಿ ಎಲ್ಲವೂ ಒಂದೇ ಪರದೆಯಲ್ಲಿವೆ. ಸಂಘ ಈ ತಾಣವನ್ನು ನೋಡಿ ಒಪ್ಪಬೇಕಾದದ್ದು ಶುಕ್ರವಾರ. ಇಂದಿನ ಪರೀಕ್ಷೆಯಲ್ಲಿ ನೇಯುವ ಸೂರಮ್ಮ ಬಿಡಿಸುತ್ತಿದ್ದ ನವಿಲನ್ನು, ನೂಲಿಗೆ ಬಣ್ಣ ಹಾಕುವ ತಿಪ್ಪೇರುದ್ರ ಅದೇ ಕ್ಷಣ ತನ್ನ ಫೋನಿನಿಂದ ಅಳಿಸಿಬಿಟ್ಟ.

"ಏ ತಿಪ್ಪ, ನನ್ನ ನವಿಲು ಎಲ್ಲಿಗೆ ಹಾರಿಸ್ದೆ?" ಎಂದು ನಕ್ಕ ಸೂರಮ್ಮ ನನ್ನತ್ತ ತಿರುಗಿದರು. "ಮಗ್ಗದಾಗೆ ನೂಲು ಹಾಯ್ಸೋ ಲಾಳಿ ನಮ್ಮೆಜಮಾನ್ರ ಕೈಯಾಗಿದ್ರೆ ನಾನು ಕಾಯ್ತೀನಿ. ಇಲ್ಲಿ ಯಾರ ಕೈಯಾಗೈತೆ ಅಂತ ಕಾಣಾದೇ ಇಲ್ವಲ್ಲ, ವಾಣಿ?"

ಆರು ತಿಂಗಳು ನಾವು ತಾಣದ ವೇಗವನ್ನಷ್ಟೇ ಅಳೆದಿದ್ದೆವು. ಅದರ ಕೊರತೆಯನ್ನು ಇಷ್ಟು ನಿಖರವಾಗಿ ಯಾರೂ ಹೇಳಿರಲಿಲ್ಲ.

ಸಂಜೆಯೊಳಗೆ, ಯಾರು ಯಾವ ಭಾಗ ಹಿಡಿದಿದ್ದಾರೋ ಅವರ ಹೆಸರು ಅಲ್ಲೇ ಕಾಣುವಂತೆ ಬದಲಿಸಿ ಕಳಿಸಿದೆ. ಸೂರಮ್ಮನವರ ಉತ್ತರ ಬಂತು: "ಈಗ ಎಲ್ರೂ ಪಕ್ಕದಾಗೆ ಕುಂತಂಗೈತೆ."

ಶುಕ್ರವಾರದ ಭಯ ಅರ್ಧ ಇಳಿದಿದೆ.