ದಾರ ಕತ್ತರಿಸಿ ಕೊಂಡೊಯ್ದ ಮೂರು ನೋಟ್‌ಬುಕ್ಕುಗಳ ಬಗ್ಗೆ

ಗ್ರಾಮೀಣ ಗ್ರಂಥಾಲಯಗಳ ತಪಾಸಣೆಯ ಹೊಣೆ ಹೊತ್ತಿರುವ ಅಧಿಕಾರಿಗಳಿಗೆ,

ಮಾನ್ಯರೇ,

ಈ ತಿಂಗಳ ನಾಲ್ಕರಂದು ನೀವು ನಂಜನಗೂಡು ತಾಲ್ಲೂಕು ಬಿಳಿಗೆರೆ ಹೋಬಳಿಯ ನಮ್ಮ ಪುಟ್ಟ ಗ್ರಂಥಾಲಯಕ್ಕೆ ಬಂದಿರಿ. ಒಂದು ಹಳೆಯ ಕಾದಂಬರಿಗೆ ಸೆಣಬಿನ ದಾರದಲ್ಲಿ ಕಟ್ಟಿಟ್ಟಿದ್ದ ಮೂರು ನೋಟ್‌ಬುಕ್ಕುಗಳನ್ನು, ದಾರ ಕತ್ತರಿಸಿ, ಜೀಪಿಗೆ ಹಾಕಿಕೊಂಡು ಹೋದಿರಿ. ಕತ್ತರಿ ಕೊಟ್ಟವಳು ನಾನೇ. ಅದಕ್ಕಾಗಿ ಇವತ್ತಿಗೂ ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೇನೆ. ಒಂಬತ್ತು ದಿನ ಬಿಟ್ಟು ನಿಮ್ಮ ನೋಟಿಸು ಬಂತು. "ಪ್ರಕಟಿತ ಕೃತಿಯನ್ನು ಅನುಕರಿಸಿ, ಅದರ ಪಾತ್ರಗಳನ್ನು ಅನುಮತಿಯಿಲ್ಲದೆ ಬಳಸಿ ಬರೆದ, ಯಾವುದೇ ಸಾಹಿತ್ಯಿಕ ಮೌಲ್ಯವಿಲ್ಲದ ಬರಹಗಳಿಗೆ" ನಾನು ಕುಮ್ಮಕ್ಕು ಕೊಟ್ಟಿದ್ದೇನಂತೆ. ಸದರಿ ನೋಟ್‌ಬುಕ್ಕುಗಳನ್ನು ಮೂವತ್ತನೇ ತಾರೀಖು ರದ್ದಿ ಕಾಗದದ ಜೊತೆ ವಿಲೇವಾರಿ ಮಾಡುತ್ತೀರಂತೆ. ನನ್ನ ಉತ್ತರದ ಒಂದು ಪ್ರತಿಯನ್ನು ನಿಮ್ಮ ಕಚೇರಿಗೆ ಕೊಟ್ಟು ಮೊಹರು ಹಾಕಿಸಿಕೊಂಡು ಬಂದಿದ್ದೇನೆ. ಅಲ್ಲಿ ಯಾರಾದರೂ ಓದುತ್ತಾರೆಂಬ ಭರವಸೆ ಸಾಲದ್ದರಿಂದ ಇನ್ನೊಂದನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ.

ಮೊದಲು ಆ ಕಾದಂಬರಿಯ ವಿಚಾರ. ಅದರ ಹೆಸರು ಹೇಳುವುದಿಲ್ಲ. ಹೇಳಲು ಅನುಮತಿ ಪಡೆದಿದ್ದೀರಾ ಎಂದು ಮತ್ತೊಂದು ನೋಟಿಸು ಬಂದರೂ ಬಂದೀತು. ಯಾರೋ ದಾನ ಕೊಟ್ಟ ಕಟ್ಟಿನಲ್ಲಿ ಬಂದ ಪುಸ್ತಕ. ರಟ್ಟು ಇರಲಿಲ್ಲ, ಕೊನೆಯ ಹದಿನಾರು ಪುಟಗಳನ್ನು ಗೆದ್ದಲು ತಿಂದಿತ್ತು. ಒಂದು ದೊಡ್ಡ ಮನೆ, ಇಬ್ಬರು ಅಣ್ಣತಮ್ಮಂದಿರು, ಬಾವಿಯ ಪಾಲಿನ ಜಗಳ, ನಡುವೆ ಹಿರಿಸೊಸೆಯ ಹೆರಿಗೆ. ನೂರ ಎಪ್ಪತ್ತಾರನೇ ಪುಟದಲ್ಲಿ ತಮ್ಮ ಬಂದು ಬಾಗಿಲು ತಟ್ಟುತ್ತಾನೆ, ಅಣ್ಣ ಚಿಲಕಕ್ಕೆ ಕೈ ಹಾಕುತ್ತಾನೆ, ಅಲ್ಲಿಗೆ ಪುಸ್ತಕ ನಿಲ್ಲುತ್ತದೆ. ಇಂಥದ್ದನ್ನು ಯಾರು ಓದುತ್ತಾರೆಂದು ನಾನದನ್ನು ಕೆಳಗಿನ ಸಾಲಿಗೆ ತಳ್ಳಿದ್ದೆ.

ಓದಿದವರು ಮಾದಮ್ಮ. ಅವತ್ತು ನೀವು ಬಂದಾಗ ಕಿಟಕಿಯ ಪಕ್ಕದ ಬೆಂಚಿನಿಂದ ಎದ್ದು ನಿಂತರಲ್ಲ, ಅವರೇ. ಮೂವತ್ತು ವರ್ಷ ಮನೆಗೆಲಸ, ಕೂಲಿ ಮಾಡಿದವರು, ಈಗಲೂ ನಾಟಿ ಸಮಯದಲ್ಲಿ ಹೆಂಗಸರ ಗುಂಪಿನ ಜೊತೆ ಟೆಂಪೊ ಹತ್ತಿ ತಿ. ನರಸೀಪುರದ ಕಡೆಯ ಗದ್ದೆಗಳಿಗೆ ಹೋಗುವವರು. ಐವತ್ತೆರಡನೇ ವಯಸ್ಸಿನಲ್ಲಿ ನಮ್ಮ ಗ್ರಂಥಾಲಯದ ಜಗುಲಿಯಲ್ಲಿ ಕೂತು ಅಕ್ಷರ ತಿದ್ದಿ ಕಲಿತರು. ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಆ ಕಾದಂಬರಿ ಓದಲು ಅವರಿಗೆ ಐದು ತಿಂಗಳು ಹಿಡಿಯಿತು. ಮುಗಿದ ದಿನ ನನ್ನ ಮೇಜಿನ ಮುಂದೆ ಬಂದು ನಿಂತರು.

"ರೋಜವ್ವ, ಪುಸ್ತುಕ ಇಲ್ಲಿಗೆ ನಿಲ್ಸ್‌ಬುಟ್ಟವ್ರಲ್ಲ, ಮುಂದ್ಕೆ ನಾನ್ ಏಳ್ಬೇಕಾ, ಇನ್ಯಾರಾದ್ರೂ ಏಳ್ತಾರಾ?"

"ನಿಲ್ಸಿಲ್ಲ ದೊಡ್ಡವ್ವ, ಗೆದ್ಲು ತಿಂದದೆ."

"ಆಳೆ ತಿನ್ಲಿ ಬುಡು. ಕತೆನೂ ತಿನ್ನಕ್ಕಾದದಾ ಅದ್ಕೆ?"

ನಾನು ನಕ್ಕೆ. ಆಮೇಲೆ ಅವರು ಬಿಡಿಸಿ ಹೇಳಿದಾಗ ನಗು ನಿಂತಿತು. ಅವರ ನಾಟಿ ಗುಂಪಿನಲ್ಲಿ ಒಂದು ರೂಢಿಯಿದೆ. ಪೈರು ನೆಡುತ್ತಾ ಒಬ್ಬಳು ಕಥೆ ಹೇಳುತ್ತಾಳೆ, ಉಳಿದವರು ಹೂಂಗುಟ್ಟುತ್ತಾರೆ. ಆ ಗದ್ದೆ ಮುಗಿದು ಬದು ಸಿಕ್ಕಿತೆಂದರೆ ಕಥೆ ಎಲ್ಲಿದೆಯೋ ಅಲ್ಲಿಗೇ ನಿಲ್ಲಬೇಕು. ಮುಂದಿನ ಗದ್ದೆಗೆ ಇಳಿದಾಗ ಪಕ್ಕದವಳು ಅಲ್ಲಿಂದಲೇ ಎತ್ತಿಕೊಳ್ಳಬೇಕು. ಹೀಗಾಗಿ ಒಂದೇ ಕಥೆಯ ರಾಕ್ಷಸ ನಮ್ಮ ಕಡೆ ಸಾಯುತ್ತಾನೆ, ನರಸೀಪುರದ ಕಡೆ ಬುದ್ಧಿ ಕಲಿತು ದನ ಕಾಯುತ್ತಾನೆ. ಇದರಲ್ಲಿ ಮೂಲ ಯಾವುದು, ನಕಲು ಯಾವುದು ಎಂದು ಆ ಗದ್ದೆಗಳಲ್ಲಿ ಯಾರೂ ತಪಾಸಣೆಗೆ ಬಂದ ದಾಖಲೆ ಇಲ್ಲ. ಪುಸ್ತಕ ಬರೆದವರೂ ತಮ್ಮ ಪಾಲಿನ ಗದ್ದೆ ಮುಗಿಸಿ ಬದುವಿನ ಮೇಲೆ ಕೂತಿದ್ದಾರೆ, ಮುಂದಿನದು ತನ್ನ ಪಾಲು ಎಂದು ಮಾದಮ್ಮ ತಿಳಿದಿದ್ದರು.

ನಾನು ಅವರಿಗೆ ನೂರು ಹಾಳೆಯ ಒಂದು ನೋಟ್‌ಬುಕ್ಕು ಕೊಟ್ಟೆ. ಇದೇ ನನ್ನ ಅಪರಾಧ, ಒಪ್ಪಿಕೊಳ್ಳುತ್ತೇನೆ.

ಅವರು ಬಾಗಿಲು ತಟ್ಟಿದ ತಮ್ಮನಿಂದ ಶುರು ಮಾಡಲಿಲ್ಲ. ನೂರ ನಲವತ್ತಮೂರನೇ ಪುಟಕ್ಕೆ ವಾಪಸ್ಸು ಹೋದರು. ಅಲ್ಲಿ ಕೆಲಸದವಳೊಬ್ಬಳನ್ನು ಸಂಜೆ ಮಳೆಯಲ್ಲಿ ಸೂಲಗಿತ್ತಿಯನ್ನು ಕರೆತರಲು ಅಟ್ಟುತ್ತಾರೆ. ನೂರೈವತ್ತನೇ ಪುಟದಲ್ಲಿ ಮಗು ಹುಟ್ಟುತ್ತದೆ, ಸೂಲಗಿತ್ತಿ ಪಕ್ಕದಲ್ಲೇ ಇದ್ದಾಳೆ. ಕರೆಯಲು ಹೋದವಳು ಮಾತ್ರ ಮುಂದೆ ಎಲ್ಲೂ ಇಲ್ಲ. ಮಾನ್ಯರೇ, ನಾನು ಕನ್ನಡ ಎಂ.ಎ. ಮಾಡಿದವಳು. ಆ ಕಾದಂಬರಿಯನ್ನು ಎರಡು ಸಲ ಓದಿದ್ದೆ. ಅವಳು ಬರಲಿಲ್ಲವೆಂಬುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ, ನಾಚಿಕೆಯಿಂದಲೇ ಹೇಳುತ್ತಿದ್ದೇನೆ. ಮಾದಮ್ಮ ಅವಳಿಗೆ ಮಲ್ಲಾಜಮ್ಮ ಎಂದು ಹೆಸರಿಟ್ಟರು. ಕಾದಂಬರಿಕಾರರು ಹೆಸರಿಡುವ ಗೋಜಿಗೆ ಹೋಗಿರಲಿಲ್ಲ. ನಾಲ್ಕು ತಿಂಗಳಲ್ಲಿ ಮೂವತ್ತೊಂದು ಪುಟ ಬರೆದರು. ಅದರಲ್ಲಿ ಮೂರು ವಾಕ್ಯ ನನಗೆ ಬಾಯಿಪಾಠ: "ಆ ಮನೇಲಿ ಅಷ್ಟು ಜನ ಇದ್ದರು. ಮಳೆ ಬಂದಾಗ ಯಾರೂ ಮಲ್ಲಾಜಮ್ಮ ಎಲ್ಲಿ ಅನ್ನಲಿಲ್ಲ. ಅನ್ನದ ತಪ್ಪಲೆ ತೊಳೆಯೋ ಹೊತ್ತಿಗೆ ಅಂದರು." ನೋಟ್‌ಬುಕ್ಕು ನಿಮ್ಮ ಬಳಿಯೇ ಇದೆ, ಹೊಂದಿಸಿ ನೋಡಿ. ಸಾಹಿತ್ಯಿಕ ಮೌಲ್ಯ ಎಂದರೆ ನೀವು ಯಾವುದನ್ನು ಕರೆಯುತ್ತೀರೋ ಗೊತ್ತಿಲ್ಲ. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಸುದ್ದಿ ಹಬ್ಬಿತು. ಹಾಲಿನ ಡೇರಿಯ ರವಿಕುಮಾರ್ ಎರಡನೇ ನೋಟ್‌ಬುಕ್ಕು ಹಿಡಿದು, ಅಣ್ಣತಮ್ಮಂದಿರ ಬಾವಿ ಜಗಳವನ್ನು ಡೇರಿ ಸಂಘದ ಸಭೆಗೆ ಎಳೆದು ತಂದು, ಎಲ್ಲರಿಗೂ ಕಾಫಿ ಕುಡಿಸಿ ಬಗೆಹರಿಸಿದ. ಅದು ಕಳಪೆ ಬರಹವೇ. ಅದನ್ನು ಅವನ ಎದುರೇ ಹೇಳಿದ್ದೇನೆ. ಮೂರನೆಯದು ಪಿಯುಸಿ ಓದುವ ಅರ್ಪಿತಳದು. ಅವಳು ಮೊದಮೊದಲು ಕಾದಂಬರಿಕಾರರ ಗತ್ತನ್ನೇ ಅನುಕರಿಸುತ್ತಿದ್ದಳು. ಅರ್ಧ ಪುಟ ಉದ್ದದ ವಾಕ್ಯ, ಮಾತೆತ್ತಿದರೆ "ಆದಾಗ್ಯೂ", ಕಂಡವರೆಲ್ಲ ನಿಟ್ಟುಸಿರು ಬಿಡುವುದು. ನಾಲ್ಕನೇ ಸಲ ಬರೆದಾಗ "ಆದಾಗ್ಯೂ" ಉದುರಿಹೋಗಿ, ಬಾವಿಯ ಹತ್ತಿರ ಹಿರಿಸೊಸೆಯೂ ಕಿರಿಸೊಸೆಯೂ ಆಡುವ ಮಾತು ನಮ್ಮೂರಿನ ನಲ್ಲಿಯ ಹತ್ತಿರ ಕೇಳುವ ಮಾತಿನಂತಾಯಿತು. ಇನ್ನೊಬ್ಬರ ಅಂಗಿ ತೊಟ್ಟು ನೋಡಿದ ಮೇಲೆ ತಾನೇ ತನ್ನ ಅಳತೆ ಗೊತ್ತಾಗುವುದು? ಈಗೀಗ ಅವಳು ಸ್ವಂತದ್ದೊಂದು ಕಥೆ ಶುರು ಮಾಡಿದ್ದಳು. ನೀವು ಬಂದು ಹೋದಮೇಲೆ ಗ್ರಂಥಾಲಯದ ಕಡೆ ತಲೆ ಹಾಕಿಲ್ಲ.

ಅವತ್ತು ನೀವು ಮಾದಮ್ಮನ ನೋಟ್‌ಬುಕ್ಕಿನ ಎರಡು ಪುಟ ತಿರುವಿದಿರಿ. "ಇದೇನ್ರೀ ಇದು? ಕಥೆ ಅವರದು, ಪಾತ್ರ ಅವರದು, ಇವರದು ಅಂತ ಏನಿದೆ ಇದರಲ್ಲಿ? ಕಾಪಿ ಹೊಡೆಯೋದು ಕಲಿಸ್ತಿದ್ದೀರಾ?" ಅಂದಿರಿ. ಮಾದಮ್ಮ ಬೆಂಚಿನಿಂದ ಎದ್ದು, "ನಂದು ಸಾ ಅದು" ಅಂದರು. ನೀವು ಅವರ ಕಡೆ ತಿರುಗಿ ಸಮಾಧಾನವಾಗಿಯೇ ಹೇಳಿದಿರಿ, "ನಿಮ್ಮದಾದ್ರೆ ನಿಮ್ಮ ಕಥೆ ಬರೀರಿ. ಇನ್ನೊಬ್ಬರ ಮನೆಗೆ ಯಾಕೆ ನುಗ್ತೀರಿ?" ಮೂವತ್ತು ವರ್ಷ ಇನ್ನೊಬ್ಬರ ಮನೆಗಳ ಹಿತ್ತಲ ಬಾಗಿಲಲ್ಲಿ ಓಡಾಡಿದ ಹೆಂಗಸಿಗೆ ನೀವು ಹೇಳಿದ ಮಾತಿದು. ಕಥೆ ಅವರದೇ ಆಗಿತ್ತು, ಮಾನ್ಯರೇ. ಅದು ಆ ಕಾದಂಬರಿಯ ಒಳಗೆ ನೂರ ನಲವತ್ತಮೂರನೇ ಪುಟದಲ್ಲಿ ಬಿದ್ದಿತ್ತು, ಅವರು ಹೋಗಿ ಎತ್ತಿಕೊಂಡರು.

ನುಗ್ಗುವುದು, ಕದಿಯುವುದು ಎಂದೆಲ್ಲ ನೋಟಿಸಿನಲ್ಲಿ ಬರೆದಿದ್ದೀರಿ. ಒಂದೇ ಪ್ರಶ್ನೆ ಕೇಳುತ್ತೇನೆ. ಯಾವ ಕಳ್ಳ ತಾನು ಕದ್ದ ಮಾಲನ್ನು ತಂದು ಒಡೆಯನ ಮನೆಯ ಕಂಬಕ್ಕೇ ದಾರದಲ್ಲಿ ಕಟ್ಟಿಡುತ್ತಾನೆ? ಇದು ಇಂಥ ಪುಸ್ತಕದಿಂದ ಹುಟ್ಟಿದ್ದು, ಮೊದಲು ಅದನ್ನು ಓದಿ ಆಮೇಲೆ ಇದನ್ನು ಓದಿ ಎಂದು ಹೇಳಲೆಂದೇ ಆ ದಾರ ಇದ್ದದ್ದು. ನೋಟ್‌ಬುಕ್ಕು ಕಟ್ಟಿದ ಮೇಲೆ ಆ ಕಾದಂಬರಿಯನ್ನು ನಲವತ್ತು ಜನ ಓದಿದ್ದಾರೆ. ಅದಕ್ಕೆ ಮುಂಚೆ ಓದಿದವರು ನಾನು, ಮಾದಮ್ಮ ಮತ್ತು ಗೆದ್ದಲು. ಮೂಲ ಲೇಖಕರಿಗೆ ಅಪಚಾರವಾಯಿತೆಂದು ಮರುಗುತ್ತಿದ್ದೀರಲ್ಲ, ಅವರು ಇದ್ದಿದ್ದರೆ ಆ ದಾರಕ್ಕೆ ಇನ್ನೊಂದು ಗಂಟು ಹಾಕಿಕೊಟ್ಟು ಹೋಗುತ್ತಿದ್ದರೆಂದೇ ನನ್ನ ನಂಬಿಕೆ.

ಅನುಕರಣೆ ಕೀಳೆಂದು ಹೇಳುವ ನೀವು ಬರೆಯಲು ಹೇಗೆ ಕಲಿತಿರಿ? ಯಾರೋ ಸ್ಲೇಟಿನ ಮೇಲೆ ದೊಡ್ಡದಾಗಿ ಅ ಬರೆದುಕೊಟ್ಟರು, ನೀವು ಅದರ ಮೇಲೆಯೇ ಬಳಪ ಆಡಿಸಿದಿರಿ. ನಮ್ಮ ಹೆಣ್ಣುಮಕ್ಕಳು ಅಮ್ಮ ಇಟ್ಟ ಚುಕ್ಕಿಯನ್ನೇ ಇಟ್ಟು ರಂಗೋಲಿ ಕಲಿತು, ಒಂದು ದಿನ ಬೇಜಾರಾಗಿ ಒಂದು ಎಸಳು ಜಾಸ್ತಿ ಎಳೆಯುತ್ತಾರೆ. ಆ ಎಸಳಿಗೆ ಅನುಮತಿ ಎಲ್ಲಿ ಎಂದು ಕೇಳಲು ಬಾಗಿಲಿಗೆ ಜೀಪು ಬರಬೇಕೇ? ಅಜ್ಜಿ ಹೇಳಿದ ಕಥೆಯನ್ನು ಅಜ್ಜಿ ಹೇಳಿದಂತೆಯೇ ಹೇಳಿದ ಮೊಮ್ಮಗಳನ್ನು ನಾನಂತೂ ನೋಡಿಲ್ಲ.

ಇಷ್ಟಕ್ಕೂ ಅನುಕರಣೆಯಲ್ಲಿ ಕೆಟ್ಟದ್ದು ಇಲ್ಲವೆಂದು ನಾನು ಹೇಳುತ್ತಿಲ್ಲ. ಇದೆ. ಅದರ ಮಾದರಿ ನನ್ನ ಮೇಜಿನ ಮೇಲೇ ಇದೆ, ತಮ್ಮ ಸಹಿಯ ಸಮೇತ. ನೋಟಿಸಿನ ಮೂರನೇ ಪ್ಯಾರಾದಲ್ಲಿ ನನ್ನನ್ನು "ಶ್ರೀಯುತರು" ಎಂದು ಕರೆದಿದ್ದೀರಿ, ನಾನು ಕಾಲಿಟ್ಟೇ ಇರದ ಒಂದು ಊರಿನ ಹೆಸರು ಹಾಕಿದ್ದೀರಿ, ಹಾಜರಿ ಪುಸ್ತಕ ಕಳೆದ ಬಗ್ಗೆ ಎರಡನೇ ಬಾರಿ ಎಚ್ಚರಿಸಿದ್ದೀರಿ. ನಮ್ಮ ಹಾಜರಿ ಪುಸ್ತಕ ಮೊಳೆಗೆ ನೇತುಹಾಕಿದೆ. ಯಾರೋ ಪಾಪದ ಶ್ರೀಯುತರಿಗೆ ಕಳಿಸಿದ ನೋಟಿಸನ್ನು ಹಾಗೇ ನಕಲು ಮಾಡಿ, ನಕಲು ಮಾಡುವುದು ತಪ್ಪೆಂದು ನನಗೆ ಬುದ್ಧಿ ಹೇಳಿದ್ದೀರಿ. ಮಾದಮ್ಮ ತಾನು ಓದಿದ್ದರಲ್ಲಿ ಕಳೆದುಹೋದ ಒಬ್ಬಳನ್ನು ಹುಡುಕಿದರು. ನಿಮ್ಮ ಕಚೇರಿಯವರು ತಾವು ನಕಲು ಮಾಡಿದ್ದನ್ನು ಓದಿಯೂ ನೋಡಲಿಲ್ಲ.

ಪೂರ್ತಿ ಪ್ರತಿ ಸಿಕ್ಕರೆ ಈ ರಗಳೆ ಏಕೆ ಎಂದೂ ಅವತ್ತು ಕೇಳಿದಿರಿ. ಉತ್ತರ ಕೇಳುವ ಮೊದಲೇ ಜೀಪು ಹತ್ತಿದಿರಿ. ಸಿಕ್ಕಿತ್ತು. ಎರಡು ವರ್ಷದ ಹಿಂದೆ ನಂಜನಗೂಡಿನ ನಿವೃತ್ತ ಮೇಷ್ಟರೊಬ್ಬರ ಮನೆಯಲ್ಲಿ ಸಿಕ್ಕಿ, ಆ ಹದಿನಾರು ಪುಟಗಳ ಜೆರಾಕ್ಸ್ ಮಾಡಿಸಿ ತಂದೆ. ಒಂದು ಭಾನುವಾರ ಮಾದಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ, ಅವರು ಹೂಂಗುಟ್ಟಿದರು. ಅಣ್ಣ ಬಾಗಿಲು ತೆಗೆದ, ತಮ್ಮ ಅತ್ತ, ಬಾವಿ ಇಬ್ಬರದೂ ಆಯಿತು, ಮಗುವಿಗೆ ಹೆಸರಿಟ್ಟರು. ಓದಿ ಮುಗಿದ ಮೇಲೆ ಅವರು ಜೆರಾಕ್ಸ್ ಹಾಳೆಗಳನ್ನು ನನ್ನ ಕೈಯಿಂದ ತೆಗೆದುಕೊಂಡು, ಅಂಚು ಸರಿಮಾಡಿ ಮೇಜಿನ ಮೇಲಿಟ್ಟರು. ಆಮೇಲೆ ಅಂದರು, "ಅವ್ರೂ ಚೆನ್ನಾಗೇ ಬರ್ದವ್ರೆ ಕಣವ್ವ. ಆದ್ರೆ ಆ ಎಣ್ಮಗ್ಳ ಮರ್ತ್‌ಬುಟ್ಟವ್ರೆ." ಎಷ್ಟೋ ವಿಮರ್ಶೆಗಳನ್ನು ಓದಿದ್ದೇನೆ, ಇಷ್ಟು ನ್ಯಾಯವಾದದ್ದು ಕಡಿಮೆ.

ಈಗ ನನ್ನ ಬೇಡಿಕೆ. ಮೂವತ್ತನೇ ತಾರೀಖಿನೊಳಗೆ ಮೂರೂ ನೋಟ್‌ಬುಕ್ಕುಗಳು ನಮ್ಮ ಗ್ರಂಥಾಲಯಕ್ಕೆ ವಾಪಸ್ಸು ಬರಬೇಕು. ನಿಮ್ಮ ಸಿಬ್ಬಂದಿಗೆ ಪುರುಸೊತ್ತಿಲ್ಲದಿದ್ದರೆ ಹೇಳಿ, ನಾನೇ ಬಸ್ಸು ಹತ್ತಿ ಬರುತ್ತೇನೆ. ನನ್ನ ಮೇಲೆ ಏನು ಕ್ರಮ ತೆಗೆದುಕೊಳ್ಳುತ್ತೀರೋ ತೆಗೆದುಕೊಳ್ಳಿ, ಕ್ಷಮೆಯನ್ನಂತೂ ಕೇಳುವುದಿಲ್ಲ. ಆದರೆ ಆ ಮೂವತ್ತೊಂದು ಪುಟಗಳಿಗೆ ಬೇರೆ ಪ್ರತಿ ಇಲ್ಲ. ಜೇಬಿನಲ್ಲಿ ಫೋನು ಇಟ್ಟುಕೊಂಡು ಓಡಾಡುವ ನಾನು ಒಂದು ಫೋಟೊ ತೆಗೆದಿಡಲಿಲ್ಲ. ನೀವು ಬರುವವರೆಗೆ ಒಬ್ಬ ಹೆಂಗಸು ತನ್ನ ಜೀವಮಾನದಲ್ಲಿ ಬರೆದದ್ದೆಲ್ಲ ಅಷ್ಟೇ. ರದ್ದಿಗೆ ಹೋದರೆ ಮಲ್ಲಾಜಮ್ಮ ಎರಡನೇ ಸಲ ಕಳೆದುಹೋಗುತ್ತಾಳೆ, ಈ ಸಲ ಮರೆತವರು ಯಾರೆಂಬುದು ಎಲ್ಲರಿಗೂ ಗೊತ್ತಿರುತ್ತದೆ.

ಪತ್ರ ಮುಗಿಸುವ ಮೊದಲು ಒಂದು ವಿಷಯ. ಮಾದಮ್ಮ ಮೂರು ಸೋಮವಾರ ಬಂದು "ಪುಸ್ತುಕ ಬಂತಾ?" ಎಂದು ಕೇಳಿ ವಾಪಸ್ಸು ಹೋದರು. ನಾಲ್ಕನೇ ಸೋಮವಾರ ತಾವೇ ಅಂಗಡಿಯಿಂದ ಒಂದು ನೋಟ್‌ಬುಕ್ಕು ಕೊಂಡು ತಂದು ಕಿಟಕಿಯ ಪಕ್ಕ ಕೂತರು. ಹಳೆಯದನ್ನೇ ನೆನೆದು ಬರೆಯುತ್ತಾರೆಂದುಕೊಂಡಿದ್ದೆ. ಹೊಸದೇ ಬರೆದಿದ್ದಾರೆ, ಎರಡು ಪುಟ. ಅದರಲ್ಲಿ ಒಬ್ಬ ಸಾಹೇಬರು ಜೀಪಿನಲ್ಲಿ ಬರುತ್ತಾರೆ, ಒಂದು ನೋಟ್‌ಬುಕ್ಕು ತೆಗೆದುಕೊಂಡು ಹೋಗುತ್ತಾರೆ. ಕಚೇರಿಯಲ್ಲಿ ಎಲ್ಲರೂ ಊಟಕ್ಕೆ ಎದ್ದು ಹೋಗಿರುವಾಗ ಒಬ್ಬರೇ ಕೂತು, ಮೊದಲನೇ ಪುಟ ತೆಗೆಯುತ್ತಾರೆ. ಅಲ್ಲಿಗೆ ನಿಲ್ಲಿಸಿದ್ದಾರೆ.

"ಯಾಕ್ ದೊಡ್ಡವ್ವ, ಮುಂದ್ಕೆ ಬರೀಲಿಲ್ಲ?" ಎಂದು ಕೇಳಿದೆ.

"ನನ್ ಗದ್ದೆ ಮುಗೀತು ಕಣವ್ವ," ಅಂದರು. "ಮುಂದ್ಕೆ ಅವ್ರೇ ಏಳ್ಲಿ."

ಆ ನೋಟ್‌ಬುಕ್ಕನ್ನು ಈ ಪತ್ರದ ಜೊತೆ ದಾರದಲ್ಲಿ ಕಟ್ಟಿ ನಿಮ್ಮ ಕಚೇರಿಗೆ ಕೊಟ್ಟಿದ್ದೇನೆ. ಈ ಸಲ ಎರಡೂ ಪುಟಗಳ ಫೋಟೊ ತೆಗೆದಿಟ್ಟುಕೊಂಡಿದ್ದೇನೆ. ಉಳಿದ ಹಾಳೆಗಳು ಖಾಲಿ ಇವೆ.

ಇಂತಿ,
ಯಾರದೋ ಹಾಜರಿ ಪುಸ್ತಕ ಕಳೆದ ಆರೋಪವನ್ನೂ ಹೊತ್ತಿರುವ,
ಕತ್ತರಿ ಕೊಟ್ಟು ಪೆಚ್ಚಾದ ಮೇಲ್ವಿಚಾರಕಿ,
ರೋಜಾ